ನನ್ನ ಮೊದಲ ಟೀಚರ್‌ಗೆ ಸಂಬಳವಿಲ್ಲ, ಗೌರವಧನವಿದೆ

ಶಿಕ್ಷಕರ ದಿನಾಚರಣೆಗೆ ನಮ್ಮ ತರಗತಿಯಲ್ಲಿ ಚೀಟಿ ಬರೆಸಿದರು. ನಿಮ್ಮ ಮೆಚ್ಚಿನ ಶಿಕ್ಷಕರು ಯಾರು? ಹೆಚ್ಚಿನವರು ಹೈಸ್ಕೂಲಿನ ಗಣಿತದ ಸರ್, ವಿಜ್ಞಾನದ ಮೇಡಂ ಎಂದು ಬರೆದರು. ನಾನು ‘ನಮ್ಮ ಅಂಗನವಾಡಿ ಟೀಚರ್’ ಎಂದು ಬರೆದೆ. ಪಕ್ಕದಲ್ಲಿ ಕುಳಿತವಳು ಇಣುಕಿ ನೋಡಿ, “ಅವರೂ ಟೀಚರ್ರಾ?” ಎಂದು ನಕ್ಕಳು. ಆಗ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಬರಹ.

ಮಾಗಡಿ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ, ಬಾಡಿಗೆಯ ಒಂದೇ ಕೋಣೆಯಲ್ಲಿ ನಮ್ಮ ಅಂಗನವಾಡಿ ಇತ್ತು. ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ತೂಕದ ಯಂತ್ರ, ನಡುವೆ ನಾವು. ನಮ್ಮ ಮನೆಮಾತು ದಖನಿ ಉರ್ದು. ಮೂರು ವರ್ಷದ ನನಗೆ ಕನ್ನಡ ಬರುತ್ತಿರಲಿಲ್ಲ, ಟೀಚರ್‌ಗೆ ಉರ್ದು ಬರುತ್ತಿರಲಿಲ್ಲ. ಅವರು ನನ್ನಿಂದ ಅಂಡಾ, ಪಾನಿ, ಬಿಲ್ಲಿ ಕಲಿತರು. ನಾನು ಅವರಿಂದ ಮೊಟ್ಟೆ, ನೀರು, ಬೆಕ್ಕು ಕಲಿತೆ. ಮೊದಲು ಕಲಿತವರು ಅವರೇ ಎಂದು ಅಮ್ಮಿ ಈಗಲೂ ಹೇಳುತ್ತಾರೆ. ‘ಕನ್ನಡದಲ್ಲೇ ಹೇಳು’ ಎಂದು ಅವರು ಗದರಿಸಿದ್ದು ನನಗೆ ನೆನಪಿಲ್ಲ.

ಅವರದೊಂದು ಗಟ್ಟಿ ನಂಬಿಕೆ ಇತ್ತು: ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಬೆರಳಿಗೆ ಬಳಪ ಕೊಡಬಾರದು. ಆದ್ದರಿಂದ ನಾವು ಹುಣಸೆ ಬೀಜ ಎಣಿಸಿದೆವು, ಬಾಟಲಿ ಮುಚ್ಚಳ ಜೋಡಿಸಿದೆವು, ಒಬ್ಬರ ಗುಂಡಿ ಇನ್ನೊಬ್ಬರು ಹಾಕಿದೆವು. “ಕಾನ್ವೆಂಟಿನ ಮಕ್ಕಳು ಆಗಲೇ ಎಬಿಸಿಡಿ ಬರೀತಾರೆ, ನೀವು ಬರೀ ಆಡಿಸ್ತೀರಿ” ಎಂದು ತಾಯಂದಿರು ದೂರುತ್ತಿದ್ದರು. “ಬರೆಯೋದಕ್ಕೆ ಮುಂದೆ ಹದಿನೈದು ವರ್ಷ ಇದೆ, ಆಡೋದಕ್ಕೆ ಈಗ ಬಿಟ್ಟರೆ ಇಲ್ಲ” ಎನ್ನುತ್ತಿದ್ದರು ಟೀಚರ್. ಆದರೂ ಒಂದು ವರ್ಷ ಕಳೆಯುತ್ತಲೇ ನನಗೂ ಟೈ ಕಟ್ಟಿ ಎಲ್‌ಕೆಜಿಗೆ ಕಳಿಸಿದರು. ಅಂದು ಸಂಜೆ ಟೀಚರ್ ಮನೆಗೆ ಬಂದರು. ಜಗಳಕ್ಕೆ ಬಂದರೇನೋ ಎಂದು ಅಮ್ಮಿ ಹೆದರಿದ್ದರಂತೆ. ಅವರು ಕೇಳಿದ್ದು ಇಷ್ಟೇ: ತಿಂಗಳಿಗೊಮ್ಮೆ ತೂಕಕ್ಕೆ ಕಳಿಸುತ್ತೀರಲ್ಲ?

ಹೀಗೆ ಮನೆಬಾಗಿಲಿಗೆ ಬರುವುದು ಈ ಕೆಲಸದ ಹುಟ್ಟುಗುಣ. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಮಾಡಿದ ಪ್ರಯೋಗವೇ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ತಿ. ನರಸೀಪುರಕ್ಕೆ. ಆಗ ಕಾರ್ಯಕರ್ತೆಯ ಗೌರವಧನ ತಿಂಗಳಿಗೆ ಮೆಟ್ರಿಕ್ ಆದವರಿಗೆ 150 ರೂಪಾಯಿ, ಆಗದವರಿಗೆ 100.

ಗೌರವಧನ ಎಂಬ ಪದವನ್ನು ಗಮನಿಸಿ. ಕೇಳಲು ಎಷ್ಟು ಚೆಂದ! ಆದರೆ ಆ ಪದವೇ ಅವರನ್ನು ಹೊರಗೆ ನಿಲ್ಲಿಸಿದೆ. ‘ಕರ್ನಾಟಕ ಸರ್ಕಾರ ವಿರುದ್ಧ ಅಮೀರ್‌ಬಿ’ ಎಂಬ ಪ್ರಕರಣ ನಮ್ಮ ರಾಜ್ಯದ್ದೇ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ, ಅವರು ಪಡೆಯುವುದು ಗೌರವಧನ, ಆದ್ದರಿಂದ ಅವರು ಆಡಳಿತ ನ್ಯಾಯಮಂಡಳಿಗೆ ಹೋಗುವಂತಿಲ್ಲ ಎಂದು 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಮೀರ್‌ಬಿ ಎಂಬ ಹೆಸರು ಕಾನೂನು ಪುಸ್ತಕದಲ್ಲಿ ಉಳಿಯಿತು, ಸೋತ ಪಕ್ಷವಾಗಿ.

2022ರ ಏಪ್ರಿಲ್ 25ರಂದು ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ಅದೇ ಕೋರ್ಟು ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದಿತು. ಪೀಠದಲ್ಲಿದ್ದವರು ಅಜಯ್ ರಸ್ತೋಗಿ ಮತ್ತು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ. ನನಗೆ ಮುಖ್ಯವೆನಿಸಿದ್ದು ಅವರು ಕೊಟ್ಟ ಕಾರಣ: 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಹೇಳುವ ಶಾಲಾಪೂರ್ವ ಶಿಕ್ಷಣ ನಡೆಯುವುದು ಅಂಗನವಾಡಿಗಳಲ್ಲೇ, ಅಲ್ಲಿ ಕಲಿಸಲಾಗುತ್ತಿದೆ, ಗೌರವಧನವೂ ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ವೇತನವೇ. ಪಕ್ಕದಲ್ಲಿ ಕುಳಿತವಳಿಗೆ ನಾನು ಕೊಡಬೇಕಿದ್ದ ಉತ್ತರ ಇದು.

‘ಸ್ವಯಂಸೇವೆ ಎಂದು ಒಪ್ಪಿಯೇ ಬಂದವರಲ್ಲವೇ’ ಎನ್ನುವವರಿದ್ದಾರೆ. ಮತದಾರರ ಪಟ್ಟಿ, ಪೋಲಿಯೊ ಹನಿ, ಮನೆಮನೆ ಸಮೀಕ್ಷೆ, ಮೊಬೈಲಿನ ಪೋಷಣ್ ಟ್ರ್ಯಾಕರ್, ಇವೆಲ್ಲವನ್ನೂ ಒಪ್ಪಿಕೊಂಡು ಬಂದಿದ್ದರೇ? 2017ರ ಮಾರ್ಚ್‌ನಲ್ಲಿ ನಾನು ಮೂರನೇ ತರಗತಿ, ತಮ್ಮ ಅಂಗನವಾಡಿಗೆ ಹೋಗುತ್ತಿದ್ದ. ಕೋಣೆಗೆ ಬೀಗ ಬಿತ್ತು. ಫ್ರೀಡಂ ಪಾರ್ಕ್ ಬಳಿ ಸಾವಿರಾರು ಕಾರ್ಯಕರ್ತೆಯರು, ಸಹಾಯಕಿಯರು ರಾತ್ರಿಯೂ ರಸ್ತೆಯಲ್ಲೇ ಮಲಗಿದ್ದರು. ನಮ್ಮ ಟೀಚರೂ ಅಲ್ಲಿದ್ದರು. ಗಲ್ಲಿಯ ಕೆಲವರು ಬೈದುಕೊಂಡರು, ನಮ್ಮ ಮನೆಯಲ್ಲೂ. ಅವರು ಮರಳಿ ಬಂದು ಬೀಗ ತೆಗೆದ ದಿನ ಮಾಡಿದ ಮೊದಲ ಕೆಲಸ, ತಪ್ಪಿಹೋದ ತೂಕಗಳನ್ನು ಹಿಡಿದು ಬರೆದದ್ದು. ಆ ವರ್ಷ ಗೌರವಧನ ಸ್ವಲ್ಪ ಹೆಚ್ಚಿತು. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ನಿಗದಿಪಡಿಸಿದ ಮೊತ್ತ 3000ದಿಂದ 4500 ರೂಪಾಯಿಗೆ ಏರಿತು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಪದ ಮಾತ್ರ ಗೌರವಧನವೇ.

ಹೋದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ಅವರಿಗೀಗ ಅರವತ್ತು ಹತ್ತಿರ, ನಿವೃತ್ತಿಯ ವಯಸ್ಸು. ಮೊಬೈಲು ದೂರ ಹಿಡಿದು ಮಕ್ಕಳ ತೂಕ ತುಂಬುತ್ತಿದ್ದರು. ನಾನು ಕಾಮರ್ಸ್ ಓದುತ್ತಿದ್ದೇನೆ ಎಂದೆ. “ಹಾಗಾದರೆ ಲೆಕ್ಕ ಹಾಕಿಕೊಡು” ಎಂದರು. ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ ಇಪ್ಪತ್ತಾರು ದಿನ. ಹಳೆಯ ನೋಟ್‌ಪುಸ್ತಕದ ಹಿಂದೆ ಗ್ರಾಚ್ಯುಟಿಯ ಲೆಕ್ಕ ಬರೆದುಕೊಟ್ಟೆ. ಅವರು ಎರಡು ಸಲ ಓದಿ, ಮಡಚಿ, ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು.

ಪ್ರಾಂಶುಪಾಲರಿಗೂ ವಿದ್ಯಾರ್ಥಿ ಸಂಘಕ್ಕೂ ನನ್ನದೊಂದು ಕೋರಿಕೆ. ಮುಂದಿನ ಸೆಪ್ಟೆಂಬರ್ 5ಕ್ಕೆ ನಮ್ಮ ಸುತ್ತಿನ ಅಂಗನವಾಡಿ ಟೀಚರುಗಳನ್ನೂ ವೇದಿಕೆಗೆ ಕರೆಯೋಣ. ನಮ್ಮಲ್ಲಿ ಅರ್ಧದಷ್ಟಾದರೂ ಮಂದಿ ಅವರ ಕೈಯಿಂದಲೇ ಮೊಟ್ಟೆ ತಿಂದು ಬಂದವರು ಎಂಬುದು ನನ್ನ ಅಂದಾಜು. ಕಾರ್ಯಕ್ರಮ ಸಂಜೆ ನಾಲ್ಕರ ಮೇಲೆ ಇರಲಿ. ಅದಕ್ಕೆ ಮುಂಚೆ ನಮ್ಮ ಟೀಚರ್ ಮಕ್ಕಳನ್ನು ಬಿಟ್ಟು ಬರುವವರಲ್ಲ.