ತೊಟ್ಟಿಗೊಂದು ಲೆಡ್ಜರು

ಮನೆಯಲ್ಲಿ ಸಮುದ್ರದ ಮೀನು ಸಾಕುವ ತೊಟ್ಟಿ ಸಿದ್ಧವಾಗಲು ಎಷ್ಟು ಹೊತ್ತು ಬೇಕು? ಕೆಲವು ಅಂಗಡಿಗಳಲ್ಲಿ ಕೇಳಿದರೆ ಒಂದು ಸಂಜೆ ಸಾಕು ಅನ್ನುತ್ತಾರೆ. ನಮ್ಮ ಮನೆಯ ಲೆಕ್ಕದ ಪ್ರಕಾರ 43 ದಿನ. ಬ್ಯಾಂಕಿನಲ್ಲಿ ಲೆಡ್ಜರು ಬರೆದು ಬರೆದು ಬಂದ ಅಭ್ಯಾಸ ನೋಡಿ, ತೊಟ್ಟಿಗೂ ಒಂದು ಪುಸ್ತಕ ತೆರೆದಿದ್ದೆ. ಅದನ್ನೇ ಮುಂದಿಟ್ಟುಕೊಂಡು ಈ ವಾರದ ಮಾತು. ಅಜ್ಜ-ಮೊಮ್ಮಕ್ಕಳು ಕೂಡಿ ಮಾಡುವುದಕ್ಕೆ ಬಹಳ ಒಳ್ಳೆಯ ಕೆಲಸ ಇದು. ಖರ್ಚು ಮಾತ್ರ ಸಿಹಿನೀರಿನ ತೊಟ್ಟಿಗಿಂತ ಹೆಚ್ಚು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಗಾಜಿನ ತೊಟ್ಟಿ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಗುಣಿಸಿದರೆ 182 ಲೀಟರ್ ಬರುತ್ತದೆ. ಕಲ್ಲಿನ ಜಾಗ, ಮೇಲೆ ಬಿಡುವ ಖಾಲಿ ಜಾಗ ಕಳೆದರೆ ಹಿಡಿಯುವ ನೀರು ಸುಮಾರು 150 ಲೀಟರ್. ನೀರು, ಕಲ್ಲು, ಗಾಜು ಸೇರಿ 200 ಕಿಲೋ ದಾಟುತ್ತದೆ, ಆದ್ದರಿಂದ ಟಿ.ವಿ. ಇಡುವ ಮೇಜಿನ ಮೇಲೆ ಇದನ್ನು ಇಡುವ ಯೋಚನೆ ಬೇಡ. ಗಟ್ಟಿ ಸ್ಟ್ಯಾಂಡು ಬೇಕು.

ಬೆಂಗಳೂರಿನಿಂದ ಸಮುದ್ರ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಹಾಗಾಗಿ ಸಮುದ್ರವನ್ನು ಬಕೆಟ್ಟಿನಲ್ಲೇ ತಯಾರಿಸಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್, ಕೊಳವೆಬಾವಿ ನೀರಿನಲ್ಲಿ ಇನ್ನೇನೇನೋ ಇರುತ್ತದೆ, ಆರ್.ಓ. ನೀರೇ ಸರಿ. ಅಡುಗೆ ಉಪ್ಪು ಹಾಕಿದರೆ ಆಗದು. ಕಡಲಿನ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಮುಂತಾದವೂ ಇವೆ, ಅವೆಲ್ಲ ಬೆರೆತ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. 150 ಲೀಟರಿಗೆ 5 ಕಿಲೋ 250 ಗ್ರಾಂ ಆಯಿತು. ಪುಡಿಯಲ್ಲೇ ಒಂದಿಷ್ಟು ತೇವಾಂಶ ಇರುವುದರಿಂದ ಇನ್ನೂ ಸ್ವಲ್ಪ ಹಿಡಿಸುತ್ತದೆ. ಪಂಪು, ಹೀಟರು, 26 ಡಿಗ್ರಿ ಶಾಖ, ಇವೆಲ್ಲ ಒಂದು ದಿನದ ಕೆಲಸ. ತೊಟ್ಟಿಯೊಳಗೆ ಕೈ ಹಾಕುವ ಮುನ್ನ ಎಲ್ಲ ಸ್ವಿಚ್ಚೂ ಆರಿಸಬೇಕು, ಇದು ಮನೆಯ ಕಾನೂನು.

ಹೊರಗಿನ ಕಾನೂನೂ ಒಂದಿದೆ. ಕಡಲಿನ ಹವಳ ಮತ್ತು ಕಡಲಕುದುರೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿಗಳು. ಐದನೇ ತರಗತಿಯ ನಮ್ಮ ಮೊಮ್ಮಗ ಕಡಲಕುದುರೆಯ ಮೇಲೆ ಕಣ್ಣಿಟ್ಟಿದ್ದ. ಕಾಯ್ದೆಯ ಹೆಸರು ಹೇಳಿದ ಮೇಲೆ ಕ್ಲೌನ್ ಮೀನಿಗೆ ಒಪ್ಪಿಕೊಂಡ. 2003ರ ಆ ಸಿನಿಮಾದ ನೀಮೋ ಇದ್ದಾನಲ್ಲ, ಅದೇ ಜಾತಿ. ನಮ್ಮ ತೊಟ್ಟಿಯಲ್ಲಿ ಇಟ್ಟದ್ದು ಒಣಗಿದ ಕೃತಕ ಕಲ್ಲು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೀನು ಉಸಿರಾಡಿದರೂ, ತಿಂದು ವಿಸರ್ಜಿಸಿದರೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಕಿವಿರನ್ನು ಸುಡುವ ವಿಷ. ಕ್ಷಾರಗುಣದ ಕಡಲನೀರಿನಲ್ಲಿ ಅದರ ಕಾಟ ಇನ್ನೂ ಜಾಸ್ತಿ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆಗಾಗ ನೀರು ಬದಲಿಸಿದರೆ ಹೋಗುತ್ತದೆ. ಈ ಎರಡು ಹಂತದ ಗುಟ್ಟನ್ನು 1890ರ ಸುಮಾರಿಗೆ ಬಿಡಿಸಿದವರು ವಿನೊಗ್ರಾಡ್‌ಸ್ಕಿ ಎಂಬ ರಷ್ಯಾದ ವಿಜ್ಞಾನಿ. ಅವರು ಹುಡುಕಿದ್ದು ಮೀನಿನ ತೊಟ್ಟಿಯಲ್ಲಲ್ಲ, ಮಣ್ಣಿನಲ್ಲಿ.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅವು ಕಲ್ಲಿನ ಮೇಲೆ ನೆಲೆಯೂರಬೇಕು, ಬೆಳೆಯಬೇಕು. ನಾವು ಹೋಗಿದ್ದ ಅಂಗಡಿಯವನ ಬಳಿ ಅದಕ್ಕೊಂದು ಅಡ್ಡದಾರಿ ಇತ್ತು. "ಮೊದಲು ಒಂದು ಗಟ್ಟಿ ಮೀನು ಬಿಡಿ ಸಾರ್, ಅದರ ಗಲೀಜಿಗೇ ಬ್ಯಾಕ್ಟೀರಿಯಾ ಬೆಳೆಯುತ್ತೆ" ಎಂದ. ಮೊಮ್ಮಗ ಕೇಳಿದ, "ಆಮೇಲೆ ಆ ಮೀನು ಏನಾಗುತ್ತೆ ಅಂಕಲ್?"

"ಸಾಮಾನ್ಯ ಬದುಕುತ್ತೆ. ಸತ್ತರೆ ಇನ್ನೊಂದು ಕೊಡ್ತೀನಿ ಬಿಡು."

ಹುಡುಗ ನನ್ನ ಕೈ ಹಿಡಿದು ಹೊರಗೆ ಎಳೆದ. "ತಾತ, ಮೀನು ಬಿಡದೆ ಮಾಡೋಕಾಗಲ್ವಾ?" ಆಗುತ್ತದೆ, ಆದರೆ ನಿನ್ನ ಹುಟ್ಟುಹಬ್ಬದ ಹೊತ್ತಿಗೆ ತೊಟ್ಟಿ ಖಾಲಿಯೇ ಇರುತ್ತದೆ ಎಂದೆ. ನೀಮೋ ತೋರಿಸುತ್ತೇನೆ ಎಂದು ತರಗತಿಯವರಿಗೆಲ್ಲ ಆಗಲೇ ಹೇಳಿಯಾಗಿತ್ತು. ಮನೆ ಬರುವ ತನಕ ಮಾತಾಡಲಿಲ್ಲ. ಗೇಟಿನ ಹತ್ತಿರ, "ಖಾಲಿನೇ ಇರಲಿ" ಅಂದ.

ಮೀನಿಲ್ಲದೆ ಅಮೋನಿಯಾ ಎಲ್ಲಿಂದ ತರುವುದು? ಒಂದು ಸೀಗಡಿ ಹಾಕಿ ಕೊಳೆಯಲು ಬಿಡುವವರಿದ್ದಾರೆ. ಸಸ್ಯಾಹಾರದ ನಮ್ಮ ಮನೆಯಲ್ಲಿ ಆ ಮಾತು ಎತ್ತಿದ್ದಕ್ಕೇ ಮನೆಯಾಕೆ ಮೂಗು ಮುಚ್ಚಿಕೊಂಡಳು. ನಾವು ಬಳಸಿದ್ದು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಅಜ್ಜಿಯರಿಗೆ ನೆನಪಿರಬೇಕು, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಬಿಸಿ ಪಾತ್ರೆಗೆ ಬಿಳಿ ಪುಡಿ ಎರಚಿದರೆ ಘಾಟು ಹೊಗೆ ಏಳುತ್ತಿತ್ತು, ಅದೇ ಪುಡಿ. ತೊಟ್ಟಿಗೆ ಮಾತ್ರ ಪ್ರಯೋಗಾಲಯದ ಶುದ್ಧ ಪುಡಿಯೇ ಬೇಕು, ದೊಡ್ಡವರೇ ಹಾಕಬೇಕು. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗಲು 150 ಲೀಟರಿಗೆ ಒಂದು ಗ್ರಾಂಗಿಂತ ತುಸು ಕಡಿಮೆ ಸಾಕು.

"ಹೆಪ್ಪು ಹಾಕದೆ ಮೊಸರಾಗುತ್ತದೆಯೇ?" ಎಂದು ಕೇಳಿದವಳೂ ಮನೆಯಾಕೆಯೇ. ಸರಿಯಾದ ಮಾತು. ನಮ್ಮ ಬಡಾವಣೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟಿರುವ ಹುಡುಗನೊಬ್ಬ ತನ್ನ ಫಿಲ್ಟರಿನಿಂದ ಒಂದು ಹಿಡಿ ಪಿಂಗಾಣಿ ಉಂಗುರಗಳನ್ನು ಅದೇ ನೀರಿನಲ್ಲಿ ಮುಳುಗಿಸಿ ಕೊಟ್ಟ. ಅದೇ ನಮ್ಮ ಹೆಪ್ಪು.

ಆಮೇಲೆ ದಿನಾ ಸಂಜೆ ಪರೀಕ್ಷೆ. ಗಾಜಿನ ನಳಿಕೆಗೆ ನೀರು, ಅದಕ್ಕೆ ನಾಲ್ಕಾರು ಹನಿ ಔಷಧ, ಬಂದ ಬಣ್ಣವನ್ನು ಪಟ್ಟಿಗೆ ಹೋಲಿಸುವುದು. ಮೊದಲ ವಾರ ಬರೆದದ್ದೆಲ್ಲ ಒಂದೇ ಸಾಲು: ಅಮೋನಿಯಾ 2, ನೈಟ್ರೈಟ್ 0. ಎಂಟನೇ ದಿನ ನೈಟ್ರೈಟಿನ ನಳಿಕೆ ತೆಳು ನೇರಳೆಯಾಯಿತು. ಮೊಮ್ಮಗ ಬೀದಿಗೆ ಕೇಳುವಂತೆ ಕೂಗಿದ.

ಹದಿನೈದನೇ ದಿನ ಹುಟ್ಟುಹಬ್ಬ. ಅಮೋನಿಯಾ 1. ಬಂದ ಗೆಳೆಯರು ಗಾಜಿಗೆ ಮೂಗು ಒತ್ತಿ ನೋಡಿ, "ಏನೋ, ಕಲ್ಲು ಸಾಕ್ತಿದೀಯಾ?" ಎಂದು ನಕ್ಕರು. ಹುಡುಗನ ಮುಖ ಸಣ್ಣದಾಯಿತು. ಕೇಕು ಮುಗಿದ ಮೇಲೆ ನೋಡುತ್ತೇನೆ, ನನ್ನ ಲೆಡ್ಜರು ತಂದು ನೆಲದ ಮೇಲೆ ಹರಡಿ ಇಬ್ಬರಿಗೆ ತೋರಿಸುತ್ತಿದ್ದಾನೆ. ಉಳಿದವರು ಕ್ರಿಕೆಟ್ಟಿಗೆ ಹೋಗಿದ್ದರು. ಆ ಇಬ್ಬರಲ್ಲಿ ಒಬ್ಬಳು ಈಗಲೂ ವಾರಕ್ಕೊಮ್ಮೆ ಬಂದು ಲೆಕ್ಕ ನೋಡಿ ಹೋಗುತ್ತಾಳೆ.

ಇಪ್ಪತ್ತೊಂದನೇ ದಿನ ಅಮೋನಿಯಾ 0 ಆಯಿತು, ನೈಟ್ರೈಟ್ 5ಕ್ಕೆ ಏರಿತು. ಹಾಕಿದ್ದು 2, ಬಂದದ್ದು 5! ಬ್ಯಾಂಕಿನಲ್ಲಿ ಹೀಗಾಗಿದ್ದರೆ ರಾತ್ರಿ ಮನೆಗೆ ಬಿಡುತ್ತಿರಲಿಲ್ಲ. ಇದನ್ನು ಬಿಡಿಸಿದ್ದು ಪಿ.ಯು.ಸಿ. ಓದುವ ಮೊಮ್ಮಗಳು. ಮೂರರಲ್ಲೂ ಇರುವ ನೈಟ್ರೋಜನ್ ಒಂದೇ, ತೂಕ 14. ಹೈಡ್ರೋಜನ್ ಸೇರಿದ ಅಮೋನಿಯಾ 17, ಎರಡು ಆಮ್ಲಜನಕ ಸೇರಿದ ನೈಟ್ರೈಟ್ 46, ಮೂರು ಸೇರಿದ ನೈಟ್ರೇಟ್ 62. ಆದ್ದರಿಂದ 2 ಮಿಲಿಗ್ರಾಂ ಅಮೋನಿಯಾ 5.4 ನೈಟ್ರೈಟ್ ಆಗುತ್ತದೆ, ಕೊನೆಗೆ 7.3 ನೈಟ್ರೇಟ್. ಡಾಲರನ್ನು ರೂಪಾಯಿ ಮಾಡಿದ ಹಾಗೆ. ಲೆಕ್ಕ ಟ್ಯಾಲಿ ಆಯಿತು, ನನಗೂ ನಿದ್ದೆ ಬಂತು.

ಎರಡನೇ ಬಗೆಯ ಬ್ಯಾಕ್ಟೀರಿಯಾ ನಿಧಾನಿ. ನೈಟ್ರೈಟ್ 0 ಆಗಲು 36ನೇ ದಿನ ಬೇಕಾಯಿತು. ಅಷ್ಟರಲ್ಲಿ ಗಾಜಿಗೆಲ್ಲ ಕಂದು ಪಾಚಿ. ಹೊಸ ತೊಟ್ಟಿಯಲ್ಲಿ ಅದು ಬಂದು ಹೋಗುವ ನೆಂಟ. ಈ ದಿನಗಳಲ್ಲಿ ಮೊಮ್ಮಗನಿಗೆ ಒಂದು ಕೆಲಸ ಇತ್ತು. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಗಾಜಿನ ಮೇಲೆ ಗೆರೆ ಎಳೆದುಕೊಂಡು, ದಿನಾ ಬೆಳಿಗ್ಗೆ ಗೆರೆ ಮುಟ್ಟುವಷ್ಟು ಬರೀ ಆರ್.ಓ. ನೀರು ಹಾಕಬೇಕು. ಉಪ್ಪುನೀರು ಹಾಕುತ್ತ ಹೋದರೆ ಕಡಲು ಉಪ್ಪಿನಕಾಯಿ ಭರಣಿಯಾಗುತ್ತದೆ.

ಕೊನೆಯ ಪರೀಕ್ಷೆ ಹೀಗೆ: ಮತ್ತೆ ಅಷ್ಟೇ ನವಸಾಗರ ಹಾಕಿ, 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ 0 ಆಗುತ್ತವೆಯೇ ನೋಡುವುದು. ಮೊದಲ ಸಲ ನೈಟ್ರೈಟ್ 0.5 ಉಳಿಯಿತು, ನಾಪಾಸು. 41ನೇ ದಿನ ಎರಡೂ 0. ನೈಟ್ರೇಟ್ 20ರ ಹತ್ತಿರ ಇದ್ದುದರಿಂದ ಅರ್ಧ ನೀರು ಬದಲಿಸಿದೆವು.

ಮೀನು ಕೊಳ್ಳುವಾಗ ಕಡಲಿನಿಂದ ಹಿಡಿದು ತಂದದ್ದು ಬೇಡ, ತೊಟ್ಟಿಯಲ್ಲೇ ಹುಟ್ಟಿದ್ದು ಬೇಕು ಎಂದು ಕೇಳಿ. ನಮ್ಮ ದೇಶದಲ್ಲೂ ಸಿಗುತ್ತವೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ತಮಿಳುನಾಡಿನ ಮಂಡಪಂ ಕೇಂದ್ರದ ವಿಜ್ಞಾನಿಗಳು ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ನಾವು ತಂದದ್ದು ಎರಡು ಮರಿ. ಈ ಮೀನುಗಳೆಲ್ಲ ಹುಟ್ಟುವಾಗ ಗಂಡು, ಜೋಡಿಯಲ್ಲಿ ದೊಡ್ಡದಾದದ್ದು ಮುಂದೆ ಹೆಣ್ಣಾಗುತ್ತದೆ. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ನಮ್ಮ ನೀರು ಬೆರೆಸಿ, ಒಂದು ಗಂಟೆಯ ಮೇಲೆ ಬಲೆಯಲ್ಲಿ ಎತ್ತಿ ಬಿಟ್ಟೆವು. ಎರಡೂ ಪಂಪಿನ ಹಿಂದೆ ಅವಿತು ಸಂಜೆಯ ತನಕ ಮುಖ ತೋರಿಸಲಿಲ್ಲ.

ಮಾರನೆಯ ದಿನದ ಸಾಲು ಮೊಮ್ಮಗನ ಕೈಬರಹದಲ್ಲಿದೆ: ಅಮೋನಿಯಾ 0, ನೈಟ್ರೈಟ್ 0, ಮೀನು 2. ಈ ಭಾನುವಾರ 15 ಲೀಟರ್ ನೀರು ಬದಲಿಸಬೇಕು. ಉಪ್ಪು ಎಷ್ಟು ಬೇಕೆಂದು ಅವನೇ ಗುಣಿಸಿ ಚೀಟಿ ಅಂಟಿಸಿದ್ದಾನೆ, 525 ಗ್ರಾಂ, ಮೇಲೆ ಒಂದು ಚಿಟಿಕೆ.