ಗುರುವಾರದ ಖಾಲಿ ಆಸನಕ್ಕೂ ಒಂದು ಬೆಲೆ

ಮಾರಾಟವಾಗದೆ ಉಳಿದ ಸರಕನ್ನು ನಾವು ಮಾರ್ಚ್ 31ರಂದು ಅಂತಿಮ ದಾಸ್ತಾನಿಗೆ ತೆಗೆದುಕೊಳ್ಳುತ್ತೇವೆ. ಕೊಂಡ ಬೆಲೆ ಅಥವಾ ಮಾರುಕಟ್ಟೆಯ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಆ ಬೆಲೆಗೆ ಅದು ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಚಿತ್ರಮಂದಿರದ ಆಸನಕ್ಕೆ ಈ ಅನುಕೂಲವಿಲ್ಲ. ಇಂದಿನ ಸಂಜೆಯ ಪ್ರದರ್ಶನದಲ್ಲಿ ಖಾಲಿ ಉಳಿದ ಆಸನವನ್ನು ನಾಳೆ ಮಾರಲು ಬರುವುದಿಲ್ಲ. ಲಾರಿಯ ಹಿಂದಿರುಗುವ ಪ್ರಯಾಣ, ಶೈತ್ಯಾಗಾರದ ಬರಿದಾದ ಕೊಠಡಿ, ಆಷಾಢ ಮಾಸದ ಕಲ್ಯಾಣ ಮಂಟಪ ಇವೆಲ್ಲವೂ ಇದೇ ಜಾತಿಯ ಸರಕುಗಳು. ಈ ಕಷ್ಟವನ್ನು ಅಮೆರಿಕದ ಚಿತ್ರಮಂದಿರಗಳು ಒಂದು ವಿಚಿತ್ರ ರೀತಿಯಲ್ಲಿ ಎದುರಿಸಿದವು. ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳ ಒಂದು ಗುರುವಾರ ಸಂಜೆ, ಚಲನಚಿತ್ರವನ್ನು ಬದಿಗಿಟ್ಟು ತರುಣ ವಾದ್ಯವೃಂದಗಳ ಕವಾಯತು ಸ್ಪರ್ಧೆಯನ್ನು ನೇರ ಪ್ರಸಾರದಲ್ಲಿ ತೋರಿಸಿ ಅವು ಟಿಕೆಟ್ಟು ಮಾರುತ್ತವೆ. ವರ್ತಕ ಬಾಂಧವರು ಇದನ್ನು ಸ್ವಲ್ಪ ವಿವರವಾಗಿ ಗಮನಿಸುವುದು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಮೊದಲಿಗೆ, ಮಾರಾಟವಾಗುತ್ತಿರುವ ವಸ್ತು ಯಾವುದು? ಡ್ರಮ್ ಕೋರ್ ಎಂದು ಕರೆಯಲ್ಪಡುವ ಈ ತಂಡಗಳಲ್ಲಿ ಹಿತ್ತಾಳೆಯ ಊದುವ ವಾದ್ಯಗಳು, ಚರ್ಮವಾದ್ಯಗಳು ಮತ್ತು ಧ್ವಜ ಬೀಸುತ್ತ ನರ್ತಿಸುವ ಒಂದು ಪಡೆ ಇರುತ್ತವೆ. ದೊಡ್ಡ ತಂಡವೊಂದರಲ್ಲಿ ನೂರೈವತ್ತಕ್ಕೂ ಮಿಕ್ಕಿ ಯುವಕ ಯುವತಿಯರು. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿಗೆ ಎಲ್ಲರೂ ಕಡ್ಡಾಯವಾಗಿ ನಿವೃತ್ತರು! ನಮ್ಮ ಮೈಸೂರು ದಸರೆಯ ಪಂಜಿನ ಕವಾಯತನ್ನು ಬನ್ನಿಮಂಟಪದಲ್ಲಿ ಕಂಡವರು ಅದರ ಶಿಸ್ತನ್ನು ನೆನಪಿಸಿಕೊಳ್ಳಲಿ. ಅದಕ್ಕೆ ರಂಗಭೂಮಿಯ ಕಥೆ, ವೇಷಭೂಷಣ ಮತ್ತು ಓಡುತ್ತಲೇ ನುಡಿಸುವ ಸಾಮರ್ಥ್ಯವನ್ನು ಸೇರಿಸಿಕೊಂಡರೆ ಚಿತ್ರ ಸ್ವಲ್ಪಮಟ್ಟಿಗೆ ಪೂರ್ಣವಾದೀತು. ಪ್ರತಿ ತಂಡಕ್ಕೆ ದೊರೆಯುವುದು ಹನ್ನೊಂದು ಹನ್ನೆರಡು ನಿಮಿಷ ಮಾತ್ರ. ನೂರಕ್ಕೆ ಇಷ್ಟು ಎಂದು ಅಂಕ ನೀಡುತ್ತಾರೆ, ಅದೂ ದಶಾಂಶಗಳ ಲೆಕ್ಕದಲ್ಲಿ. ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್ ತಂಡ 2014ರ ಅಂತಿಮ ಸ್ಪರ್ಧೆಯಲ್ಲಿ 99.65 ಅಂಕ ಗಳಿಸಿತ್ತು.

ಈ ಚಟುವಟಿಕೆ ಬೆಳೆದದ್ದು ನಿವೃತ್ತ ಸೈನಿಕರ ಸಂಘಗಳ ಆಶ್ರಯದಲ್ಲಿ. ಸ್ಪರ್ಧೆಯ ನಿಯಮಗಳನ್ನೂ ಬಹುಮಾನದ ಹಣವನ್ನೂ ಆ ಸಂಘಗಳೇ ನಿರ್ಧರಿಸುತ್ತಿದ್ದವು. ಇದರಿಂದ ಅಸಮಾಧಾನಗೊಂಡ ತಂಡಗಳ ನಿರ್ದೇಶಕರು 1971ರಲ್ಲಿ ಒಂದುಗೂಡಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿದರು. ಮರುವರ್ಷ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಉತ್ಪಾದಕರೇ ಸೇರಿ ಮಾರಾಟ ವ್ಯವಸ್ಥೆಯನ್ನು ಕೈಗೆ ತೆಗೆದುಕೊಂಡರು ಎಂದರೆ ನಮ್ಮ ಓದುಗರಿಗೆ ಬೇಗ ಅರ್ಥವಾದೀತು. ಆದರೆ ಸ್ವಾತಂತ್ರ್ಯ ಬಂದ ಮಾತ್ರಕ್ಕೆ ಹಣ ಬರಲಿಲ್ಲ. ಬೇಸಿಗೆಯುದ್ದಕ್ಕೂ ಬಸ್ಸು, ಲಾರಿ, ಅಡುಗೆ ವಾಹನಗಳೊಂದಿಗೆ ದೇಶ ಸುತ್ತುವ ಈ ತಂಡಗಳ ವೆಚ್ಚ ಅಪಾರ. ಸದಸ್ಯರು ತಾವೇ ಸಾವಿರಾರು ಡಾಲರ್ ಶುಲ್ಕ ತೆರುತ್ತಾರೆ. ಅನೇಕ ತಂಡಗಳು ನಮ್ಮಲ್ಲಿ ಹೌಸಿ ಎನ್ನುವ ಬಿಂಗೊ ಆಟವನ್ನು ನಡೆಸಿ ವರ್ಷವಿಡೀ ಹಣ ಕೂಡಿಸಿವೆ.

ಅವರ ಗ್ರಾಹಕರು ಯಾರೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಹಳೆಯ ಸದಸ್ಯರು, ಪ್ರೌಢಶಾಲೆಗಳ ಬ್ಯಾಂಡ್ ವಿದ್ಯಾರ್ಥಿಗಳು, ಅವರ ಶಿಕ್ಷಕರು, ತಂದೆತಾಯಿಗಳು. ಯಾವ ಊರಿನಲ್ಲೂ ಇವರ ಸಂಖ್ಯೆ ದೊಡ್ಡದಲ್ಲ. ಆದರೆ ಇವರಿಲ್ಲದ ಊರೂ ಕಡಿಮೆ. ಚಾಂಪಿಯನ್‌ಷಿಪ್ 2009ರಿಂದ ಇಂಡಿಯಾನಾಪೊಲಿಸ್‌ನ ಲ್ಯೂಕಾಸ್ ಆಯಿಲ್ ಕ್ರೀಡಾಂಗಣದಲ್ಲಿ ನಡೆಯುತ್ತಿದೆ. ಟೆಕ್ಸಾಸ್‌ನ ಶಿಕ್ಷಕನೊಬ್ಬ ವಿಮಾನ ಟಿಕೆಟ್ಟು, ಹೋಟೆಲು, ರಜೆ ಇಷ್ಟನ್ನೂ ಹೊಂದಿಸಿಕೊಂಡು ಅಲ್ಲಿಗೆ ಹೋಗಬೇಕು. ಪ್ರೀತಿ ಇದ್ದರೂ ಜೇಬು ಒಪ್ಪದವರೇ ಹೆಚ್ಚು.

ಈ ಚದುರಿದ ಗ್ರಾಹಕರನ್ನು ತಲುಪಲು ಸಂಸ್ಥೆ ಮೊದಲು ಹಿಡಿದ ದಾರಿ ದೂರದರ್ಶನದ್ದು. ಹಲವು ವರ್ಷ ಸಾರ್ವಜನಿಕ ವಾಹಿನಿ ಪಿ.ಬಿ.ಎಸ್.ನಲ್ಲಿ ಪ್ರಸಾರ ನಡೆಯಿತು. 2005ರಿಂದ 2007ರವರೆಗೆ ಇ.ಎಸ್.ಪಿ.ಎನ್. 2 ವಾಹಿನಿಯಲ್ಲಿ ಸಂಪಾದಿತ ಕಾರ್ಯಕ್ರಮ ಬಂದಿತು. ಹೆಸರೇನೋ ದೊಡ್ಡದು. ಆದರೆ ನಿರ್ಮಾಣದ ವೆಚ್ಚ ಸಂಸ್ಥೆಯ ಹೆಗಲಿಗೆ ಬಿದ್ದಿತು, ಕ್ರೀಡಾಂಗಣಕ್ಕೆ ಬರುವವರ ಸಂಖ್ಯೆ ಅದಕ್ಕೆ ತಕ್ಕಂತೆ ಏರಲಿಲ್ಲ, ಕೊನೆಗೆ ಆ ಪ್ರಸಾರವನ್ನು ಕೈಬಿಡಲಾಯಿತು. ಎಲ್ಲರಿಗೂ ತೋರಿಸುವುದಕ್ಕಾಗಿ ತಾನೇ ಹಣ ತೆತ್ತ ವ್ಯಾಪಾರಿಯ ಸ್ಥಿತಿ ಅದು. ಜಾಹೀರಾತಿಗೆಂದು ಲಕ್ಷಗಟ್ಟಲೆ ಸುರಿದು, ಬಂದ ವಿಚಾರಣೆಗಳೆಲ್ಲ ತನ್ನ ಸರಕು ಬೇಡದವರಿಂದಲೇ ಬಂದವು ಎಂದು ಕೊರಗುವ ಕಕ್ಷಿದಾರರನ್ನು ನಾನೂ ಕಂಡಿದ್ದೇನೆ.

ಅದೇ ಕಾಲದಲ್ಲಿ, 2004ರಿಂದ, ಸಂಸ್ಥೆ ಮತ್ತೊಂದು ದಾರಿಯನ್ನೂ ತುಳಿಯಿತು. ಇಲ್ಲಿ ಚಿತ್ರಮಂದಿರಗಳ ಕಡೆಯ ಕಥೆಯನ್ನು ಹೇಳಬೇಕು. ರೀಗಲ್ ಎಂಬ ದೊಡ್ಡ ಚಿತ್ರಮಂದಿರ ಸರಣಿ 2002ರಲ್ಲಿ ರೀಗಲ್ ಸಿನಿಮೀಡಿಯಾ ಎಂಬ ಅಂಗಸಂಸ್ಥೆಯನ್ನು ಆರಂಭಿಸಿ, ಚಿತ್ರಕ್ಕೆ ಮೊದಲು ತೋರಿಸುವ ಜಾಹೀರಾತುಗಳನ್ನು ಉಪಗ್ರಹದ ಮೂಲಕ ಕಳಿಸುವ ಜಾಲವನ್ನು ಹಾಕಿಕೊಂಡಿತ್ತು. ಡಿಶ್ ಆಂಟೆನಾ, ಡಿಜಿಟಲ್ ಪ್ರೊಜೆಕ್ಟರ್, ತಂತ್ರಜ್ಞರು ಎಲ್ಲವೂ ಜಾಹೀರಾತಿನ ಲೆಕ್ಕದಲ್ಲಿ ಖರೀದಿಯಾದವು. ಉಳಿದ ಹೊತ್ತಿನಲ್ಲಿ ಆ ಯಂತ್ರಗಳಿಗೆ ಕೆಲಸವಿರಲಿಲ್ಲ. ಅವುಗಳ ಮೂಲಕ ನೇರ ಕಾರ್ಯಕ್ರಮವನ್ನೇಕೆ ಕಳಿಸಬಾರದು? ಇದೇ ಆಲೋಚನೆಯಿಂದ ವಾದ್ಯವೃಂದಗಳ ಸ್ಪರ್ಧೆ ಬೆಳ್ಳಿತೆರೆಗೆ ಬಂದಿತು. ನಂತರ 2005ರಲ್ಲಿ ರೀಗಲ್, ಎ.ಎಂ.ಸಿ. ಮತ್ತು ಸಿನಿಮಾರ್ಕ್ ಸರಣಿಗಳು ನ್ಯಾಷನಲ್ ಸಿನಿಮೀಡಿಯಾ ಎಂಬ ಜಂಟಿ ಸಂಸ್ಥೆಯಲ್ಲಿ ಕೂಡಿದವು. ಅದರ ಕಾರ್ಯಕ್ರಮ ವಿಭಾಗವೇ ಫ್ಯಾದಮ್. 2013ರ ಕೊನೆಯಲ್ಲಿ ಫ್ಯಾದಮ್ ಪ್ರತ್ಯೇಕ ಸಂಸ್ಥೆಯಾಯಿತು. ‘ಬಿಗ್, ಲೌಡ್ ಅಂಡ್ ಲೈವ್’ ಎಂಬ ಹೆಸರಿನ ಈ ಪ್ರಸಾರ ನೂರಾರು ಚಿತ್ರಮಂದಿರಗಳಲ್ಲಿ ಏಕಕಾಲಕ್ಕೆ ನಡೆಯುವ ಮಟ್ಟಕ್ಕೆ ಬೆಳೆಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ತನ್ನ ಪ್ರಸಿದ್ಧ ಚಿತ್ರಮಂದಿರ ಪ್ರಸಾರವನ್ನು ಆರಂಭಿಸಿದ್ದು 2006ರ ಡಿಸೆಂಬರ್ 30ರಂದು. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಲ್ಲಿ. ಬಿಂಗೊ ಆಡಿಸಿ ಬದುಕುತ್ತಿದ್ದ ವಾದ್ಯದ ಹುಡುಗರು ಈ ಘನ ಸಂಸ್ಥೆಗಳಿಗಿಂತ ಎರಡು ವರ್ಷ ಮುಂದಿದ್ದರೆಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಲೆಕ್ಕಪರಿಶೋಧಕನಾಗಿ ನನ್ನ ಕುತೂಹಲ ಇದರ ವೆಚ್ಚ ನಿರ್ಧಾರದಲ್ಲಿದೆ. ಒಂದು ಊಹೆಯ ಉದಾಹರಣೆಯನ್ನು ನಮ್ಮ ರೂಪಾಯಿಯಲ್ಲೇ, ತೆರಿಗೆಯನ್ನು ಹೊರತುಪಡಿಸಿ ನೋಡೋಣ. ಸಭಾಂಗಣವೊಂದರ ಬಾಡಿಗೆ, ಬಡ್ಡಿ, ಸವಕಳಿ, ವೇತನ ಸೇರಿ ದಿನಕ್ಕೆ 20,000 ರೂಪಾಯಿ ಸ್ಥಿರ ವೆಚ್ಚ. ನಾಲ್ಕು ಪ್ರದರ್ಶನಗಳಿಗೆ ಹಂಚಿದರೆ ಒಂದಕ್ಕೆ 5,000. ನಾಲ್ಕೈದು ಗಂಟೆಗಳ ನೇರ ಪ್ರಸಾರ ಎರಡು ಪ್ರದರ್ಶನಗಳ ಜಾಗವನ್ನು ತಿನ್ನುತ್ತದೆ, ಅಂದರೆ ಅದರ ಪಾಲಿಗೆ 10,000. ವಿದ್ಯುತ್ತು ಮುಂತಾದ ಚಾಲ್ತಿ ವೆಚ್ಚ 1,500. ಐವತ್ತು ಜನ ತಲಾ 400 ರೂಪಾಯಿ ಕೊಟ್ಟು ಬಂದರು. 20,000ದಲ್ಲಿ ಅರ್ಧ ಆಯೋಜಕರಿಗೆ, ಅರ್ಧ ಚಿತ್ರಮಂದಿರಕ್ಕೆ. ಗುಮಾಸ್ತರು 10,000ದಲ್ಲಿ 11,500ನ್ನು ಕಳೆದು ‘ನಷ್ಟ 1,500’ ಎಂದು ಬರೆಯುತ್ತಾರೆ. ಮಾಲೀಕರು ಇನ್ನು ಈ ಗೊಡವೆ ಬೇಡವೆನ್ನುತ್ತಾರೆ.

ಆದರೆ ಆ ಸ್ಥಿರ ವೆಚ್ಚದ 10,000 ರೂಪಾಯಿ ಪ್ರಸಾರ ನಡೆಯದಿದ್ದರೂ ಹೋಗುವ ಹಣ. ಕೇಳಬೇಕಾದ ಪ್ರಶ್ನೆ, ಅದೇ ಹೊತ್ತಿನಲ್ಲಿ ಎರಡು ಬಾರಿ ಚಿತ್ರ ಓಡಿಸಿದ್ದರೆ ಏನು ಬರುತ್ತಿತ್ತು ಎಂಬುದು. ಗುರುವಾರ ಪ್ರದರ್ಶನಕ್ಕೆ ಹದಿನೈದು ಜನ, ತಲಾ 150 ರೂಪಾಯಿ. ಎರಡು ಪ್ರದರ್ಶನಗಳಿಂದ 4,500. ವಿತರಕರ ಅರ್ಧ ಪಾಲು ಹೋಗಿ 2,250. ಚಾಲ್ತಿ ವೆಚ್ಚ ಕಳೆದರೆ ಕೈಗುಳಿಯುವುದು 750. ಪ್ರಸಾರದಿಂದ ಉಳಿಯುವುದು 8,500. ಕಾಗದದ ಮೇಲೆ ನಷ್ಟವೆಂದು ಕಂಡದ್ದು ವಾಸ್ತವದಲ್ಲಿ 7,750 ರೂಪಾಯಿಯ ಹೆಚ್ಚುವರಿ. ಪಾಪ್‌ಕಾರ್ನಿನ ಲೆಕ್ಕವನ್ನು ನಾನಿನ್ನೂ ಹಿಡಿದಿಲ್ಲ. ಐದು ಗಂಟೆ ಕುಳಿತವರಿಗೆ ಹಸಿವಾಗದಿರದು. ಇದೇ ಪ್ರಸಾರವನ್ನು ಹೊಸ ಚಿತ್ರದ ಮೊದಲ ಭಾನುವಾರ ಇಟ್ಟುಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ ಎಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಗಳಿಕೆ ಇರುವುದು ಗುರುವಾರದಲ್ಲಿ.

ಒಹಾಯೊ ರಾಜ್ಯದಲ್ಲಿರುವ ಮಗಳ ಮನೆಗೆ ಒಮ್ಮೆ ಹೋಗಿದ್ದಾಗ ನಾನು ಈ ಪ್ರಸಾರವನ್ನು ನೋಡಿದೆ. ಸಭಾಂಗಣ ತುಂಬಿರಲಿಲ್ಲ; ಮುಕ್ಕಾಲು ಪಾಲು ಎನ್ನಬಹುದು. ನನಗೆ ಅಚ್ಚರಿ ತಂದದ್ದು, ತೆರೆಯ ಮೇಲೆ ಒಂದು ತಂಡ ಮುಗಿಸುತ್ತಿದ್ದಂತೆ ಇಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು. ಕೇಳಿಸಿಕೊಳ್ಳಬೇಕಾದವರು ನೂರಾರು ಮೈಲಿ ದೂರದ ಮೈದಾನದಲ್ಲಿದ್ದರು! ನನ್ನ ಪಕ್ಕದ ಹಿರಿಯರೊಬ್ಬರು ಮಾತ್ರ ಇಡೀ ಸಂಜೆ ಕ್ಯಾಮೆರಾದವನನ್ನು ಬೈಯುತ್ತಿದ್ದರು. ವಾದಕರು ಮೈದಾನದಲ್ಲಿ ಬಿಡಿಸುವ ಆಕೃತಿಗಳು ಎತ್ತರದಿಂದ ಮಾತ್ರ ಕಾಣುತ್ತವೆ. ನಿರ್ದೇಶಕನಿಗೋ ಹುಡುಗರ ಬೆವರಿದ ಮುಖಗಳನ್ನು ಹತ್ತಿರದಿಂದ ತೋರಿಸುವ ಆಸೆ. ಈ ಜಗಳ ಅಲ್ಲಿನ ಅಭಿಮಾನಿಗಳಲ್ಲಿ ಎಷ್ಟು ಹಳೆಯದೆಂದರೆ, ಸಂಸ್ಥೆ ತನ್ನ ಡಿ.ವಿ.ಡಿ.ಗಳಲ್ಲಿ ಎರಡೂ ಬಗೆಯ ಚಿತ್ರೀಕರಣವನ್ನು ಮಾರಿದೆ. ದೂರು ಹೇಳುತ್ತಲೇ ವರ್ಷವರ್ಷವೂ ಹಣ ಕೊಟ್ಟು ಬರುವವನೇ ಒಳ್ಳೆಯ ಗ್ರಾಹಕನೆಂದು ನಮ್ಮ ತಂದೆಯವರ ಕಾಲದ ಜವಳಿ ವರ್ತಕರು ಹೇಳುತ್ತಿದ್ದರು.

ಇಂದು ಎಲ್ಲವೂ ಅಂಗೈಯಲ್ಲಿ ದೊರೆಯುವಾಗ ಚಿತ್ರಮಂದಿರಕ್ಕೆ ಯಾರು ಹೋಗುತ್ತಾರೆಂಬ ಆಕ್ಷೇಪಣೆ ಸಹಜವಾದುದು. ಈ ಸ್ಪರ್ಧೆಗಳು ಚಂದಾ ಕಟ್ಟಿದವರಿಗೆ ಅಂತರಜಾಲದಲ್ಲಿಯೂ ಲಭ್ಯ. ಆದರೂ ಚಿತ್ರಮಂದಿರ ಪ್ರಸಾರ ನಿಲ್ಲಲಿಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಸ್ಪರ್ಧಾ ಋತುವೇ ರದ್ದಾಯಿತು. 2022ರ ಸೆಪ್ಟೆಂಬರಿನಲ್ಲಿ ರೀಗಲ್‌ನ ಮಾತೃಸಂಸ್ಥೆ ಸಿನಿವರ್ಲ್ಡ್, ಮರುವರ್ಷ ನ್ಯಾಷನಲ್ ಸಿನಿಮೀಡಿಯಾ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋದವು. ಇಷ್ಟೆಲ್ಲ ಬಿರುಗಾಳಿಯ ನಂತರವೂ ಸ್ಪರ್ಧೆ ತೆರೆಗೆ ಮರಳಿತು. ನೂರು ತುತ್ತೂರಿಗಳ ಶಬ್ದ ಎದೆಗೆ ಬಡಿಯುವ ಅನುಭವ ಫೋನಿನಲ್ಲಿ ಸಿಗುವುದಿಲ್ಲ ಎಂಬುದು ಒಂದು ಕಾರಣ. ತನ್ನ ಊರಿನಲ್ಲಿ ತನ್ನಂತಹವರು ಇನ್ನೂ ಐವತ್ತು ಮಂದಿ ಇದ್ದಾರೆಂದು ತಿಳಿಯುವುದು ಇನ್ನೊಂದು. ಎರಡನೆಯದಕ್ಕೇ ಜನ ಹೆಚ್ಚು ಹಣ ಕೊಡುತ್ತಾರೆಂದು ನನ್ನ ಅನಿಸಿಕೆ.

ನಮ್ಮ ದೇಶದಲ್ಲಿ ಇಂತಹ ಪ್ರಯತ್ನ ನಡೆದೇ ಇಲ್ಲವೆಂದಲ್ಲ. 2010ರಲ್ಲಿ ಐ.ಪಿ.ಎಲ್. ಪಂದ್ಯಗಳನ್ನು, 2023ರಲ್ಲಿ ವಿಶ್ವಕಪ್ ಪಂದ್ಯಗಳನ್ನು ಚಿತ್ರಮಂದಿರಗಳಲ್ಲಿ ತೋರಿಸಲಾಯಿತು. ಆದರೆ ಕ್ರಿಕೆಟ್ ಪ್ರತಿ ಮನೆಯಲ್ಲೂ ಸಿಗುವ ಸರಕು. ಅದರ ಗ್ರಾಹಕ ಚದುರಿ ಹೋದವನಲ್ಲ, ಸೋಫಾದ ಮೇಲೆ ನಿಶ್ಚಿಂತನಾಗಿ ಕುಳಿತವನು. ಮುಂಬಯಿಯ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ ಮೆಟ್ರೊಪಾಲಿಟನ್ ಒಪೆರಾದ ಪ್ರದರ್ಶನಗಳನ್ನು ತೆರೆಯ ಮೇಲೆ ತೋರಿಸಿದ್ದು ಅಮೆರಿಕದ ಉದಾಹರಣೆಗೆ ಹೆಚ್ಚು ಹತ್ತಿರದ್ದು. ನಮ್ಮ ಜಿಲ್ಲಾ ಕೇಂದ್ರಗಳ ಚಿತ್ರಮಂದಿರ ಮಾಲೀಕರು ‘ಜನ ಬರುವುದಿಲ್ಲ’ ಎಂದು ಬಾಗಿಲು ಹಾಕುವ ಮೊದಲು, ಯಾವ ಐವತ್ತು ಜನ ಖಂಡಿತ ಬರುತ್ತಾರೆಂದು ಹುಡುಕಿದ್ದಾರೆಯೇ? ಯಕ್ಷಗಾನದ ಅಭಿಮಾನಿಗಳಿದ್ದಾರೆ, ಸಂಗೀತೋತ್ಸವಗಳಿಗೆ ಹೋಗಲಾಗದವರಿದ್ದಾರೆ. ಚಿತ್ರಮಂದಿರವಿಲ್ಲದ ಸದಸ್ಯರೂ ಈ ಪ್ರಶ್ನೆಯಿಂದ ಹೊರತಾದವರಲ್ಲ. ರಾತ್ರಿಪಾಳಿಯಲ್ಲಿ ನಿಂತಿರುವ ಲೇತ್ ಯಂತ್ರ ಯಾರ ಸಣ್ಣ ಕೆಲಸಕ್ಕೆ ಒದಗಬಹುದು?

ಆಯೋಜಕರ ಕಡೆಯಿಂದ ಒಂದು ಜಾಣ್ಮೆಯನ್ನು ಹೇಳದೆ ಬಿಡಲಾಗದು. ಚಿತ್ರಮಂದಿರಗಳಿಗೆ ಅವರು ಮಾರಿದ್ದು ಆರಂಭದ ಸುತ್ತುಗಳನ್ನು. ಗುರುವಾರ ಪ್ರಾಥಮಿಕ ಸುತ್ತು, ಶುಕ್ರವಾರ ಉಪಾಂತ್ಯ, ಶನಿವಾರ ಅಂತಿಮ. ಕಿರೀಟ ಯಾರಿಗೆಂದು ತೀರ್ಮಾನವಾಗುವ ಶನಿವಾರದ ಸ್ಪರ್ಧೆಯನ್ನು ಚಿತ್ರಮಂದಿರಗಳಿಗೆ ಕೊಡದೆ ಉಳಿಸಿಕೊಂಡಿದ್ದಾರೆ. ಗುರುವಾರ ತನ್ನ ಊರಿನ ತೆರೆಯ ಮೇಲೆ ನೋಡಿದವನು, ಮುಂದಿನ ವರ್ಷ ರಜೆ ಹೊಂದಿಸಿಕೊಂಡು ಇಂಡಿಯಾನಾಪೊಲಿಸ್‌ಗೆ ಹೋಗಲು ಇನ್ನೂ ಒಂದು ಕಾರಣ ಉಳಿದಿರುತ್ತದೆ. ಮಾದರಿಯನ್ನು ಹೊರಗೆ ಹರಡಿ, ಮುಖ್ಯ ಸರಕನ್ನು ಅಂಗಡಿಯ ಒಳಗೇ ಇಟ್ಟುಕೊಂಡಂತೆ.