ಮರಿಗೆ ಬೇಕಿರುವುದು ನಿಂಬೆ ಸಿಪ್ಪೆಯಲ್ಲ, ನಮ್ಮ ಸಮಯ

ನಮ್ಮ ಕೆಂಗೇರಿ ಉಪನಗರದಲ್ಲಿ ಒಂದು ಸುತ್ತು ಹಾಕಿದರೆ ಕೆಲವು ಮನೆಗಳ ಗೇಟಿನ ಮುಂದೆ ನೀಲಿ ನೀರು ತುಂಬಿದ ಬಾಟಲಿಗಳು ಕಾಣುತ್ತವೆ. ಬೀದಿನಾಯಿ ಅಲ್ಲಿ ಕಾಲೆತ್ತಬಾರದು ಎಂಬುದು ಉದ್ದೇಶ. ನಾಯಿ ಚೆನ್ನಾಗಿ ಗುರುತಿಸುವ ಬಣ್ಣಗಳೇ ನೀಲಿ ಮತ್ತು ಹಳದಿ. ಆದರೆ ನೀಲಿಗೆ ಹೆದರಬೇಕು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲವಲ್ಲ! ಬಾಟಲಿಯೂ ಇರುತ್ತದೆ, ನಾಯಿಯೂ ಬರುತ್ತದೆ.

ಇಂಥದ್ದೇ ನಂಬಿಕೆ ಮನೆಯೊಳಗೂ ಇದೆ. ಮರಿ ಹಾಲ್‌ನಲ್ಲಿ ಮೂತ್ರ ಮಾಡುತ್ತದೆ ಅಂದ ಕೂಡಲೇ ಸಲಹೆಗಳ ಸುರಿಮಳೆ. ನಿಂಬೆ ಸಿಪ್ಪೆ ಇಡು, ಕಿತ್ತಳೆ ಸಿಪ್ಪೆ ಉಜ್ಜು, ವಿನೆಗರ್ ಚಿಮುಕಿಸು. ಹುಳಿ ಹಣ್ಣಿನ ವಾಸನೆ ಬಹಳಷ್ಟು ನಾಯಿಗಳಿಗೆ ಹಿಡಿಸುವುದಿಲ್ಲ, ನಿಜ. ಆದರೆ ಮರಿಗೆ ಅದರಿಂದ ತಿಳಿಯುವುದು 'ಈ ಮೂಲೆ ಬೇಡ' ಎಂಬುದಷ್ಟೇ. 'ಹಾಗಾದರೆ ಎಲ್ಲಿ?' ಎಂಬ ಪ್ರಶ್ನೆಗೆ ಸಿಪ್ಪೆ ಉತ್ತರ ಕೊಡುವುದಿಲ್ಲ. ಅದು ಸೋಫಾದ ಹಿಂದಿನ ಇನ್ನೊಂದು ಮೂಲೆ ಹುಡುಕಿಕೊಳ್ಳುತ್ತದೆ.

ನಾವು ಮರೆಯುವ ಇನ್ನೊಂದು ವಾಸನೆಯಿದೆ, ಹಳೆಯ ಮೂತ್ರದ್ದು. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಆಗಿ ಒಡೆಯುತ್ತವೆ. ನಮ್ಮ ಮೂಗಿಗೆ ನೆಲ ಸ್ವಚ್ಛ ಅನಿಸಿದರೂ ಮರಿಯ ಮೂಗಿಗೆ ಅದು 'ಶೌಚಾಲಯ ಇಲ್ಲಿದೆ' ಎಂಬ ಬೋರ್ಡ್. ಅಮೋನಿಯಾ ಇರುವ ಕ್ಲೀನರ್ ಬಳಸಿದರಂತೂ ಆ ಬೋರ್ಡಿಗೆ ನಾವೇ ಬಣ್ಣ ಬಳಿದ ಹಾಗೆ. ವಿನೆಗರ್‌ನ ನಿಜವಾದ ಉಪಯೋಗ ಇರುವುದು ಇಲ್ಲಿ. ಅದು ಆಮ್ಲ, ಅಮೋನಿಯಾ ಕ್ಷಾರ. ಪಿಯುಸಿಯ ಕೆಮಿಸ್ಟ್ರಿ ನೆನಪಿಸಿಕೊಳ್ಳಿ. ಅಷ್ಟೇ ನೀರು ಬೆರೆಸಿ ಟೈಲ್ಸ್ ಒರೆಸಬಹುದು. ಮಾರ್ಬಲ್, ಮೊಸಾಯಿಕ್ ನೆಲಕ್ಕೆ ಬೇಡ, ಹೊಳಪು ಹೋಗುತ್ತದೆ. ಬ್ಲೀಚ್ ಜೊತೆ ಬೆರೆಸಲೇಬೇಡಿ, ವಿಷಾನಿಲ ಬರುತ್ತದೆ. ಮತ್ತೂ ವಾಸನೆ ಉಳಿದರೆ ಎಂಜೈಮ್ ಕ್ಲೀನರ್ ಸಿಗುತ್ತದೆ.

'ನ್ಯಾಚುರಲ್ ತಾನೇ, ಏನಾಗುತ್ತೆ?' ಎಂಬ ಮಾತೂ ಅಪಾಯಕಾರಿ. ಕರ್ಪೂರ ನಮಗೆ ಪವಿತ್ರ, ಆದರೆ ನಾಯಿ ನುಂಗಿದರೆ ವಿಷ. ಟೀ ಟ್ರೀ ಎಣ್ಣೆಯೂ ಹಾಗೆಯೇ. ಬಟ್ಟೆಯ ಬೀರುವಿನ ನುಸಿಗುಳಿಗೆಯೂ ಅಷ್ಟೇ. ಖಾರದ ಪುಡಿ ಉದುರಿಸುವುದು ಮದ್ದಲ್ಲ, ಹಿಂಸೆ. ಮರಿ ನೆಲವನ್ನು ಮೂಸುತ್ತದೆ, ನೆಕ್ಕುತ್ತದೆ, ಆಮೇಲೆ ತನ್ನ ಪಾದವನ್ನೂ ನೆಕ್ಕುತ್ತದೆ.

ಹಾಗಾದರೆ ಏನು ಮಾಡಬೇಕು? ಎರಡು ತಿಂಗಳ ಮರಿ ಹೆಚ್ಚೆಂದರೆ ಎರಡು ಗಂಟೆ ತಡೆದುಕೊಳ್ಳಬಲ್ಲದು. ಎದ್ದ ಕೂಡಲೇ, ಊಟವಾದ ಮೇಲೆ, ಆಟವಾದ ಮೇಲೆ, ಮಲಗುವ ಮೊದಲು ಒಂದೇ ಜಾಗಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿ ಮಾಡಿದರೆ ಆ ಕ್ಷಣವೇ ಬೆನ್ನು ಸವರಿ ಒಂದು ತುಣುಕು ತಿಂಡಿ ಕೊಡಬೇಕು. ಒಳಗೆ ಮಾಡಿದ್ದಕ್ಕೆ ಆಮೇಲೆ ಬೈದರೆ ಅದಕ್ಕೆ ಕಾರಣ ಅರ್ಥವಾಗುವುದಿಲ್ಲ, ನಿಮ್ಮ ಮೇಲೆ ಭಯ ಮಾತ್ರ ಹುಟ್ಟುತ್ತದೆ. ಮಾಡಬೇಕಾದ ಜಾಗದಲ್ಲಿ ಮೂತ್ರ ಒರೆಸಿದ ಕಾಗದದ ಚೂರು ಇಟ್ಟು ನೋಡಿ. ಓಡಿಸುವುದಕ್ಕಿಂತ ಕರೆಯುವುದಕ್ಕೇ ವಾಸನೆ ಹೆಚ್ಚು ಒದಗುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮರಿ ತರುವವರಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ. ಬರ್ತ್‌ಡೇ ಗಿಫ್ಟ್ ಅಂತ ಬಾಡಿಗೆ ರೂಮಿಗೆ ಮರಿ ಬರುತ್ತದೆ. ಬೆಳಗ್ಗೆ ಎಂಟಕ್ಕೆ ಕಾಲೇಜು, ಸಂಜೆ ಇಂಟರ್ನ್‌ಶಿಪ್, ಮರಿ ಬೀಗ ಹಾಕಿದ ರೂಮಿನಲ್ಲಿ. ವಾಸನೆ ಬಂತು ಅಂತ ಮನೆ ಓನರ್ ಗದರಿದ ಮೇಲೆ ಅದಕ್ಕೆ ಉಳಿಯುವುದು ರಸ್ತೆ. ಪ್ರಾಣಿಯನ್ನು ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಹಾಗೆ ಬಿಟ್ಟು ಬಂದವರು 'ಎಲ್ಲಾ ಟ್ರೈ ಮಾಡಿದೆ' ಎನ್ನುತ್ತಾರೆ. ಟ್ರೈ ಮಾಡಿದ್ದು ಸಿಪ್ಪೆಯನ್ನೇ ಹೊರತು ಸಮಯವನ್ನಲ್ಲ.

ಒಂದೆರಡು ತಿಂಗಳು ಎರಡು ಗಂಟೆಗೊಮ್ಮೆ ಎದ್ದು ಹೋಗಲು ಮನೆಯಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ ಖಂಡಿತ ಮರಿ ತನ್ನಿ. ಇಲ್ಲದಿದ್ದರೆ ಡಿಗ್ರಿ ಮುಗಿಯಲಿ, ಕೆಲಸ ಸಿಗಲಿ. ಅಲ್ಲಿಯವರೆಗೆ ಬೀದಿಯ ನಾಯಿಗೆ ಒಂದು ಬಟ್ಟಲು ನೀರಿಡಿ. ಅದು ನೀಲಿ ಬಾಟಲಿಯಲ್ಲಿ ಇರದಿದ್ದರೆ ಸಾಕು.